ಕೇಬಲ್ ಎಲ್ಲಿವರೆಗೆ ಸರಿ ಇದೆ? ಲ್ಯಾನ್ ಪೋರ್ಟ್‌ನ ಹಸಿರು ದೀಪದ ಹಿಂದಿನ ಕಥೆ

ಮೊಬೈಲ್ ಡೇಟಾದಲ್ಲಿ ಇದನ್ನ ಕೇಳ್ತಾ ಇರೋರಿಗೆ ವೈರ್ ಇಂಟರ್ನೆಟ್ ಅನ್ನೋದು ಸ್ವಲ್ಪ ಹಳೇ ಕಾಲದ ವಿಷಯ ಅನ್ನಿಸಬಹುದು. ಆದ್ರೆ ಆನ್‌ಲೈನ್ ಪರೀಕ್ಷೆ ಬರೆಯೋರು, ಮನೆಯಿಂದ ಕೆಲಸ ಮಾಡೋರು, ಗೇಮ್ ಆಡೋರು, ನನ್ನ ಹಾಗೆ ದೊಡ್ಡ ದೊಡ್ಡ ಆಡಿಯೊ ಫೈಲ್ ಅಪ್‌ಲೋಡ್ ಮಾಡೋರು ಕೊನೆಗೆ ನಂಬೋದು ಕಂಪ್ಯೂಟರ್ ಹಿಂದೆ ಚುಚ್ಚಿರೋ ಆ ಕೇಬಲನ್ನೇ. ಅದು ಕೈಕೊಟ್ಟ ದಿನ ಹೆಲ್ಪ್‌ಲೈನ್‌ಗೆ ಫೋನ್ ಮಾಡ್ತೀವಿ. ಆ ಕಡೆಯಿಂದ ಪ್ರಶ್ನೆಗಳು ಶುರು. ಲೈಟ್ ಬರ್ತಿದೆಯಾ? ಕೇಬಲ್ ತೆಗೆದು ಮತ್ತೆ ಹಾಕಿದ್ರಾ? ಐಪಿ ಅಡ್ರೆಸ್ ಏನು ತೋರಿಸ್ತಿದೆ? ಪಿಂಗ್ ಮಾಡಿ ನೋಡಿ. ನಮಗೆ ಇವೆಲ್ಲ ಟೈಮ್ ತಳ್ಳೋ ಪ್ರಶ್ನೆಗಳ ಹಾಗೆ ಕೇಳಿಸುತ್ತೆ.

ಈ ಪ್ರಶ್ನೆಗಳು ಎಲ್ಲಿಂದ ಬಂದವು ಅಂತ ಹುಡುಕ್ತಾ ಹೋದೆ. ಒಂದೊಂದಕ್ಕೂ ಒಂದೊಂದು ಕಾಲ ಇದೆ, ಒಂದೊಂದು ಊರಿದೆ. ಎಲ್ಲೋ ಯಾರಿಗೋ ನೆಟ್‌ವರ್ಕ್ ಕೈಕೊಟ್ಟಿತ್ತು, ಅವರು ತಲೆ ಕೆಡಿಸಿಕೊಂಡು ಹುಡುಕಿದ ದಾರಿ ಇವತ್ತು ನಮ್ಮ ಹೆಲ್ಪ್‌ಲೈನ್ ಹುಡುಗನ ಬಾಯಲ್ಲಿ ಬರ್ತಿದೆ. ಇನ್ನೊಂದು ವಿಷಯ ಏನಂದ್ರೆ, ಆ ಎಲ್ಲಾ ಪ್ರಶ್ನೆಗಳೂ ಕೇಳೋದು ಒಂದೇ ಮಾತು: ಎಲ್ಲಿ? ಏನು ಕೆಟ್ಟಿದೆ ಅನ್ನೋದು ಆಮೇಲೆ. ಎಲ್ಲಿವರೆಗೆ ಸರಿ ಇದೆ, ಎಲ್ಲಿಂದ ತಪ್ಪಿದೆ, ಅದು ಮೊದಲು. ನಾನು ಬಿಕಾಂ ಓದಿದವಳು. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದಿದ್ರೆ ನಾವು ಇಡೀ ಲೆಡ್ಜರ್ ಹರಿದು ಹಾಕಲ್ಲ. ಯಾವ ಪುಟದವರೆಗೆ ಸರಿ ಇದೆ ಅಂತ ನೋಡ್ತೀವಿ, ಉಳಿದ ಪುಟಗಳಲ್ಲಿ ಹುಡುಕ್ತೀವಿ. ಇದೂ ಹಾಗೇ.

ಕಥೆ ಶುರುವಾಗೋದು 1973ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ. ಹೌದು, ಝೆರಾಕ್ಸ್ ಅಂಗಡಿಯ ಜೆರಾಕ್ಸೇ. ಅಲ್ಲಿ ಆಲ್ಟೊ ಅನ್ನೋ ಕಂಪ್ಯೂಟರ್‌ಗಳನ್ನ ಕಟ್ಟುತ್ತಿದ್ರು. ಅವನ್ನೆಲ್ಲ ಒಂದಕ್ಕೊಂದು, ಜೊತೆಗೆ ಒಂದು ಲೇಸರ್ ಪ್ರಿಂಟರ್‌ಗೆ ಜೋಡಿಸಬೇಕಿತ್ತು. ಬಾಬ್ ಮೆಟ್‌ಕಾಫ್ ಅನ್ನೋ ಎಂಜಿನಿಯರ್ ಆ ವರ್ಷ ಮೇ 22ರಂದು ಒಂದು ಟಿಪ್ಪಣಿ ಬರೆದರು, ಅದರಲ್ಲಿ ಈಥರ್‌ನೆಟ್ ಅನ್ನೋ ಹೆಸರಿತ್ತು. ಅವರೂ ಡೇವಿಡ್ ಬಾಗ್ಸ್ ಅನ್ನೋ ಇನ್ನೊಬ್ಬರೂ ಸೇರಿ ಅದನ್ನ ಕಟ್ಟಿ ನಿಲ್ಲಿಸಿದ್ರು. ವೇಗ ಸೆಕೆಂಡಿಗೆ 2.94 ಮೆಗಾಬಿಟ್. ಇವತ್ತು ನಿಮ್ಮ ಕಂಪ್ಯೂಟರ್‌ನ ಲ್ಯಾನ್ ಪೋರ್ಟ್ ಅದರ ನೇರ ಮೊಮ್ಮಗು.

ಆದ್ರೆ ಆಗಿನ ಈಥರ್‌ನೆಟ್ ನೋಡೋಕೆ ಹೀಗಿರಲಿಲ್ಲ. ನಮ್ಮ ಟಿವಿ ಕೇಬಲ್ ಥರದ ಒಂದೇ ಒಂದು ಉದ್ದನೆಯ ಕೇಬಲ್, ಇಡೀ ಆಫೀಸಿಗೆ. ಎಲ್ಲ ಕಂಪ್ಯೂಟರ್‌ಗಳೂ ಅದಕ್ಕೇ ಅಂಟಿಕೊಂಡಿರಬೇಕು. 1980ರ ದಶಕದಲ್ಲಿ ಅಂಗಡಿಗೆ ಬಂದ ದಪ್ಪ ಕೇಬಲ್ ಸಾಮಾನ್ಯವಾಗಿ ಹಳದಿ ಬಣ್ಣದ್ದು, ಹೆಚ್ಚೆಂದರೆ 500 ಮೀಟರ್ ಉದ್ದ, ಎರಡೂವರೆ ಮೀಟರ್‌ಗೊಂದು ಗುರುತು. ಆ ಗುರುತಿನ ಜಾಗದಲ್ಲಿ ಮಾತ್ರ ಒಂದು ಮೊಳೆಯಂಥ ಮುಳ್ಳನ್ನ ಕೇಬಲ್ ಒಳಗೆ ಇಳಿಸಿ ಸಂಪರ್ಕ ತಗೊಳ್ಳೋದು. ಅದಕ್ಕೆ ರಕ್ತಪಿಶಾಚಿ ಕಚ್ಚಿದ ಹಾಗೆ ಅಂತ ವ್ಯಾಂಪೈರ್ ಟ್ಯಾಪ್ ಅಂತಾನೇ ಹೆಸರು. ಆಮೇಲೆ ತೆಳ್ಳಗಿನ ಕೇಬಲ್ ಬಂತು, ಅದು ಇನ್ನೂ ತರಲೆ. ಪ್ರತಿ ಕಂಪ್ಯೂಟರ್ ಹಿಂದೆ ಒಂದು ಟಿ ಆಕಾರದ ಜೋಡಣೆ. ಈ ಕಡೆಯಿಂದ ಕೇಬಲ್ ಬಂತು, ಆ ಕಡೆ ಹೋಯ್ತು. ಎರಡು ತುದಿಗೂ 50 ಓಮ್‌ನ ಒಂದೊಂದು ಪುಟ್ಟ ಮುಚ್ಚಳ.

ಆ ಮುಚ್ಚಳ ಯಾಕೆ ಬೇಕು? ಬಾವಿಗೆ ಬಾಗಿ ಕೂಗಿದ್ರೆ ನಿಮ್ಮ ದನಿ ನಿಮಗೇ ವಾಪಸ್ ಬರತ್ತಲ್ಲ, ಕೇಬಲ್ ತುದಿ ಹಾಗೇ ಬಿಟ್ರೆ ಸಿಗ್ನಲ್ ಕೂಡ ಅಲ್ಲಿ ಬಡಿದು ವಾಪಸ್ ಬರತ್ತೆ. ಹಿಂದೆ ಬರ್ತಿರೋ ಹೊಸ ಸಿಗ್ನಲ್ ಜೊತೆ ಗುದ್ದಾಡತ್ತೆ. ಮುಚ್ಚಳ ಅದನ್ನ ನುಂಗಿಬಿಡತ್ತೆ. ಈಗ ಯೋಚಿಸಿ, ಅಕೌಂಟ್ಸ್ ವಿಭಾಗದಲ್ಲಿ ಯಾರೋ ಮೇಜು ಸರಿಸುವಾಗ ಕೇಬಲ್ ಕಿತ್ತು ಬಂತು ಅಂತಿಟ್ಕೊಳ್ಳಿ. ಅವರ ಒಂದು ಕಂಪ್ಯೂಟರ್ ಅಲ್ಲ, ಆ ಕೇಬಲ್ ಮೇಲಿದ್ದ ಇಡೀ ಆಫೀಸು ನಿಂತುಹೋಗ್ತಿತ್ತು. ಹತ್ತಾರು ಜನ, ಹತ್ತಾರು ಟಿ ಜೋಡಣೆ. ಎಲ್ಲರೂ ನಾನು ಏನೂ ಮುಟ್ಟಿಲ್ಲ ಅಂತಾರೆ. ಎಲ್ಲಿ ಅಂತ ಹುಡುಕೋದು?

ದುಡ್ಡಿದ್ದ ಆಫೀಸುಗಳು ಒಂದು ಯಂತ್ರ ಇಟ್ಕೊಳ್ತಿದ್ವು. ಅದು ಕೇಬಲ್ ಒಳಗೆ ಒಂದು ಮಿಡಿತ ಕಳಿಸಿ, ಅದರ ಪ್ರತಿಧ್ವನಿ ಎಷ್ಟು ಹೊತ್ತಿಗೆ ವಾಪಸ್ ಬಂತು ಅಂತ ಅಳೆಯುತ್ತೆ. ಕೇಬಲ್‌ನಲ್ಲಿ ಸಿಗ್ನಲ್ ಒಂದು ಮೈಕ್ರೊಸೆಕೆಂಡಿಗೆ ಸುಮಾರು 200 ಮೀಟರ್ ಹೋಗತ್ತೆ. ಹೋಗಿ ಬರೋಕೆ ಒಂದು ಮೈಕ್ರೊಸೆಕೆಂಡ್ ಹಿಡೀತು ಅಂದ್ರೆ ಕೇಬಲ್ ತುಂಡಾಗಿರೋದು ಸುಮಾರು 100 ಮೀಟರ್ ದೂರದಲ್ಲಿ. ಬಾವಿಗೆ ಕಲ್ಲು ಹಾಕಿ ಆಳ ಲೆಕ್ಕ ಹಾಕೋ ಬುದ್ಧಿಯೇ. ದುಡ್ಡಿಲ್ಲದವರು ಕೇಬಲನ್ನ ಮಧ್ಯಕ್ಕೆ ಬಿಚ್ಚಿ, ಅಲ್ಲಿ ಮುಚ್ಚಳ ಹಾಕಿ, ಯಾವ ಅರ್ಧ ಬದುಕಿದೆ ಅಂತ ನೋಡ್ತಿದ್ರು. ಸತ್ತ ಅರ್ಧವನ್ನ ಮತ್ತೆ ಅರ್ಧ ಮಾಡೋದು. ಹೀಗೆ.

ಈ ಗೋಳಿಗೆ ಪರಿಹಾರ ಬಂದಿದ್ದು ಟೆಲಿಫೋನ್ ವೈರ್‌ನಿಂದ. ಎರಡು ತಂತಿಗಳನ್ನ ಜಡೆ ಥರ ಹೆಣೆದರೆ ಹೊರಗಿನ ಗದ್ದಲ ಎರಡರ ಮೇಲೂ ಹೆಚ್ಚುಕಮ್ಮಿ ಒಂದೇ ಸಮ ಬೀಳತ್ತೆ, ವ್ಯತ್ಯಾಸ ತೆಗೆದಾಗ ಗದ್ದಲ ಮಾಯ. ಇದಕ್ಕೆ ಅಲೆಗ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಪೇಟೆಂಟ್ ಪಡೆದಿದ್ರು. ನಿಮ್ಮ ಮನೆಯ ಲ್ಯಾನ್ ಕೇಬಲ್ ಬಿಚ್ಚಿ ನೋಡಿದ್ರೆ ಅಂಥ ನಾಲ್ಕು ಜಡೆಗಳು ಕಾಣತ್ತೆ: ಕಿತ್ತಳೆ, ಹಸಿರು, ನೀಲಿ, ಕಂದು. 1990ರಲ್ಲಿ ಈ ಹೆಣೆದ ತಂತಿಯ ಮೇಲೆ ಸೆಕೆಂಡಿಗೆ 10 ಮೆಗಾಬಿಟ್ ಓಡಿಸೋ ಮಾನದಂಡ ಬಂತು. ಒಂದೇ ಕೇಬಲ್ ಎಲ್ಲರಿಗೂ ಅನ್ನೋದು ಹೋಯ್ತು. ಮಧ್ಯೆ ಒಂದು ಡಬ್ಬ, ಅದರಿಂದ ಒಬ್ಬೊಬ್ಬರಿಗೂ ಒಂದೊಂದು ಕೇಬಲ್, ಹೆಚ್ಚೆಂದರೆ 100 ಮೀಟರ್. ನಿಮ್ಮ ಕೇಬಲ್ ಕಿತ್ತುಬಂದ್ರೆ ನಿಮಗೆ ಮಾತ್ರ ತೊಂದರೆ.

ಹೆಲ್ಪ್‌ಲೈನ್‌ನ ಮೊದಲ ಪ್ರಶ್ನೆ ಹುಟ್ಟಿದ್ದು ಇಲ್ಲಿಂದ. ಆ 1990ರ ಮಾನದಂಡದಲ್ಲಿ ಒಂದು ಸಣ್ಣ ಉಪಾಯ ಇತ್ತು. ಕಳಿಸೋಕೆ ಏನೂ ಇಲ್ಲದಿದ್ರೂ ಎರಡೂ ತುದಿಯವರು ಸುಮಾರು 16 ಮಿಲಿಸೆಕೆಂಡಿಗೊಂದು ಮಿಡಿತ ಕಳಿಸ್ತಾ ಇರಬೇಕು. ನಾನಿದ್ದೀನಿ, ನಾನಿದ್ದೀನಿ ಅಂತ. ಆ ಮಿಡಿತ ಬಂದು ತಲುಪ್ತಿದ್ರೆ ದೀಪ ಉರಿಯತ್ತೆ, ನಿಂತ್ರೆ ಆರತ್ತೆ. ಇವತ್ತಿನ ವೇಗದ ಕೇಬಲ್‌ಗಳಲ್ಲಿ ಬಿಡುವೇ ಇಲ್ಲದ ಸಿಗ್ನಲ್ ಹರಿಯುತ್ತಾ ಇರತ್ತೆ, ಆದ್ರೆ ದೀಪದ ಅರ್ಥ ಅದೇ. ಹಾಗಾಗಿ ದೀಪ ಇದೆ ಅಂದ್ರೆ ಇಂಟರ್ನೆಟ್ ಇದೆ ಅಂತ ಅಲ್ಲ. ಈ ಕೇಬಲ್‌ನ ಆ ತುದಿಯಲ್ಲಿ ಯಾರೋ ಎಚ್ಚರ ಇದ್ದಾರೆ ಅಂತ ಅಷ್ಟೇ. ದೀಪ ಇಲ್ಲದಿದ್ರೆ ಬ್ರೌಸರ್, ಪಾಸ್‌ವರ್ಡ್, ವೈರಸ್ ಅಂತ ಯೋಚಿಸೋದೇ ಬೇಡ. ಇನ್ನೊಂದು ಕೇಬಲ್ ಹಾಕಿ ನೋಡಿ, ರೂಟರ್‌ನ ಇನ್ನೊಂದು ತೂತಿಗೆ ಚುಚ್ಚಿ ನೋಡಿ.

ಕೇಬಲ್ ತುದಿಗೆ ಪ್ಲಾಸ್ಟಿಕ್ ಪ್ಲಗ್ ಹಾಕಿಸುವಾಗ ಆ ಬಣ್ಣಗಳ ಕ್ರಮ ಗಮನಿಸಿದ್ದೀರಾ? ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ, ಬಿಳಿ ನೀಲಿ, ಹಸಿರು, ಬಿಳಿ ಕಂದು, ಕಂದು. ಹಸಿರಿನ ಜೋಡಿ ಬೇರೆ ಬೇರೆ ಆಗಿ, ಮಧ್ಯೆ ನೀಲಿ ಕೂತಿದೆ. ಯಾಕಪ್ಪಾ ಈ ವಕ್ರತನ? ಟೆಲಿಫೋನಿನ ಹಳೇ ಪದ್ಧತಿಯಲ್ಲಿ ಪ್ಲಗ್‌ನ ನಟ್ಟನಡುವಿನ ಎರಡು ತಂತಿ ಫೋನ್ ಲೈನಿಗೆ ಮೀಸಲು. ಅದನ್ನ ಉಳಿಸಿಕೊಂಡು ಹೊಸದನ್ನ ಸುತ್ತ ಜೋಡಿಸಿದ್ರು. ಇದು ಗೊತ್ತಿಲ್ಲದೆ ಕೆಲವರು ಬಣ್ಣಬಣ್ಣದ ಜೋಡಿಗಳನ್ನ ಅಚ್ಚುಕಟ್ಟಾಗಿ ಪಕ್ಕಪಕ್ಕ ಇಟ್ಟು ಪ್ಲಗ್ ಒತ್ತಿಬಿಡ್ತಾರೆ. ಎರಡು ಕಡೆಯೂ ಹಾಗೇ ಮಾಡಿದ್ರೆ ಸಾದಾ ಟೆಸ್ಟರ್ ಎಲ್ಲಾ ಸರಿ ಅಂತ ಹೇಳತ್ತೆ, ದೀಪವೂ ಬರಬಹುದು. ಆದ್ರೆ ಹೆಣೆದ ಜಡೆಯ ಲಾಭ ಹೋಯ್ತು, ಒಂದು ಜೋಡಿಯ ಮಾತು ಇನ್ನೊಂದಕ್ಕೆ ಸೋರತ್ತೆ, ಉದ್ದ ಕೇಬಲ್‌ನಲ್ಲಿ ನೆಟ್ ಬಂದು ಹೋಗಿ ಮಾಡತ್ತೆ. ನೋಡೋಕೆ ಚೆಂದ, ಕೆಲಸಕ್ಕೆ ಬಾರದು!

ಇನ್ನೊಂದು ದೂರು ನೀವೂ ಹೇಳಿರ್ತೀರಿ. 200, 300 ಎಂಬಿಪಿಎಸ್ ಪ್ಲಾನಿಗೆ ದುಡ್ಡು ಕಟ್ತೀವಿ, ವೈರ್ ಹಾಕಿದ ಕಂಪ್ಯೂಟರ್‌ನಲ್ಲಿ 95ರ ಹತ್ತಿರ ಬಂದು ನಿಲ್ಲತ್ತೆ. ಕಂಪನಿ ಮೋಸ ಮಾಡ್ತಿದೆ ಅಂತ ಬೈಯೋಕೆ ಮುಂಚೆ ತಂತಿ ಎಣಿಸಬೇಕು. 1995ರಲ್ಲಿ ಬಂದ 100 ಮೆಗಾಬಿಟ್ ಈಥರ್‌ನೆಟ್‌ಗೆ ನಾಲ್ಕು ತಂತಿ ಸಾಕಿತ್ತು. 1999ರಲ್ಲಿ ಬಂದ ಗಿಗಾಬಿಟ್‌ಗೆ ಎಂಟೂ ಬೇಕು. ಎಂಟರಲ್ಲಿ ಒಂದು ತುಂಡಾಗಿದ್ರೂ ಅನೇಕ ಕಂಪ್ಯೂಟರ್‌ಗಳು ಹೇಳದೇ ಕೇಳದೇ 100ಕ್ಕೆ ಇಳಿದುಬಿಡ್ತವೆ. ಅದರಲ್ಲಿ ಮೇಲಿನ ಲೆಕ್ಕಪತ್ರ ಕಳೆದು ನಮಗೆ ಸಿಗೋದು ಸುಮಾರು 95. ಹಾಗಾಗಿ ಸ್ಪೀಡ್ ಟೆಸ್ಟ್ ಪ್ರತಿ ಸಲ 94, 95 ಅಂತ ಒಂದೇ ಕಡೆ ಗೂಟ ಹೊಡೆದು ನಿಂತರೆ ಮೊದಲ ಅನುಮಾನ ಕೇಬಲ್ ಮೇಲೆ ಅಥವಾ ಹಳೇ ಪೋರ್ಟ್ ಮೇಲೆ ಇರಲಿ.

ಈಗ ನನ್ನ ಇಷ್ಟದ ಭಾಗ. ಪಿಂಗ್.

1983 ವಿಚಿತ್ರ ವರ್ಷ. ಜನವರಿ 1ರಂದು ಅಮೆರಿಕದ ಅರ್ಪಾನೆಟ್ ಇವತ್ತಿನ ಇಂಟರ್ನೆಟ್‌ನ ಭಾಷೆಯಾದ ಟಿಸಿಪಿ ಐಪಿಗೆ ಬದಲಾಯ್ತು. ಆ ಬೇಸಿಗೆಯಲ್ಲಿ ನಾರ್ವೆಯಲ್ಲಿ ನಡೆದ ಒಂದು ಸಭೆಗೆ ಮೈಕ್ ಮೂಸ್ ಅನ್ನೋ ಯುವಕ ಹೋಗಿದ್ರು. ಅವರ ಕೆಲಸ ಮೇರಿಲ್ಯಾಂಡ್‌ನಲ್ಲಿದ್ದ ಅಮೆರಿಕ ಸೇನೆಯ ಬ್ಯಾಲಿಸ್ಟಿಕ್ ಸಂಶೋಧನಾ ಪ್ರಯೋಗಾಲಯದಲ್ಲಿ. ಸಭೆಯಲ್ಲಿ ಡೇವ್ ಮಿಲ್ಸ್ ಅನ್ನೋ ವಿಜ್ಞಾನಿ, ಒಂದು ಪ್ಯಾಕೆಟ್ ಕಳಿಸಿ ಅದು ವಾಪಸ್ ಬರೋ ಹೊತ್ತನ್ನ ಅಳೆದು ದಾರಿಯ ವಿಳಂಬ ಹೇಗೆ ತಿಳೀಬಹುದು ಅಂತ ವಿವರಿಸಿದ್ರು. ಇಂಟರ್ನೆಟ್ ನಿಯಮದಲ್ಲೇ ಇದಕ್ಕೆ ಜಾಗ ಇತ್ತು. ಯಾರಾದ್ರೂ ಎಕೋ ಅಂತ ಕೇಳಿದ್ರೆ ಅದನ್ನೇ ವಾಪಸ್ ಹೇಳಬೇಕು ಅನ್ನೋ ನಿಯಮ ಅದು.

ಡಿಸೆಂಬರ್‌ನಲ್ಲಿ ಮೂಸ್ ಅವರ ಪ್ರಯೋಗಾಲಯದಲ್ಲಿ ನೆಟ್‌ವರ್ಕ್ ವಿಚಿತ್ರವಾಗಿ ಆಡೋಕೆ ಶುರುಮಾಡ್ತು. ನಾರ್ವೆಯಲ್ಲಿ ಕೇಳಿದ್ದು ನೆನಪಾಯ್ತು. ಕೂತು ಸುಮಾರು ಸಾವಿರ ಸಾಲಿನ ಒಂದು ಪ್ರೋಗ್ರಾಂ ಬರೆದ್ರು. ಜಲಾಂತರ್ಗಾಮಿಯ ಸೋನಾರ್ ಶಬ್ದದ ನೆನಪಲ್ಲಿ ಅದಕ್ಕೆ ಪಿಂಗ್ ಅಂತ ಹೆಸರಿಟ್ರು. ತಮಾಷೆ ಏನು ಗೊತ್ತಾ? ಪ್ರೋಗ್ರಾಂ ಮುಗಿಯೋ ಹೊತ್ತಿಗೆ, ತೊಂದರೆ ಕೊಡ್ತಿದ್ದ ಉಪಕರಣವನ್ನ ಯಾರೋ ರಿಪೇರಿ ಮಾಡಿಬಿಟ್ಟಿದ್ರು. ಪಿಂಗ್ ತನ್ನ ಮೊದಲ ಕೆಲಸವನ್ನೇ ಕಳ್ಕೊಳ್ತು.

ಆದ್ರೆ ಮೂಸ್ ಅದನ್ನ ಬರ್ಕ್‌ಲಿ ಯುನಿಕ್ಸ್ ತಂಡಕ್ಕೆ ಕೊಟ್ರು, ಅಲ್ಲಿಂದ ಅದು ಊರೆಲ್ಲ ಹರಡ್ತು. ಮುಂದೆ ಒಂದು ಸಮ್ಮೇಳನದಲ್ಲಿ ಅವರಿಗೆ ಒಬ್ಬ ನೆಟ್‌ವರ್ಕ್ ನಿರ್ವಾಹಕ ಒಂದು ಪ್ರಸಂಗ ಹೇಳಿದನಂತೆ, ಮೂಸ್ ಅದನ್ನ ಬರೆದಿಟ್ಟಿದ್ದಾರೆ. ಆತನ ಕಟ್ಟಡದಲ್ಲಿ ಈಥರ್‌ನೆಟ್ ಆಗಾಗ ಬಿಟ್ಟು ಬಿಟ್ಟು ಹೋಗ್ತಿತ್ತು. ಯಾವ ಜೋಡಣೆ ಸಡಿಲ ಅಂತ ಗೊತ್ತಾಗ್ತಿಲ್ಲ. ಆತ ಪಿಂಗ್ ಪ್ರೋಗ್ರಾಮನ್ನ ಮಾತಾಡೋ ಪ್ರೋಗ್ರಾಂ ಒಂದಕ್ಕೆ ಜೋಡಿಸಿ, ಅದನ್ನ ಆಫೀಸಿನ ಸ್ಟೀರಿಯೊಗೆ ಹಾಕಿ, ದನಿ ತಡೆಯೋಕಾಗೋ ಮಟ್ಟಿಗೆ ಜೋರು ಮಾಡಿದ. ಕಂಪ್ಯೂಟರ್ ಸೆಕೆಂಡಿಗೊಮ್ಮೆ ಪಿಂಗ್, ಪಿಂಗ್, ಪಿಂಗ್ ಅಂತ ಕೂಗ್ತಾ ಇದೆ. ಈತ ಕಟ್ಟಡ ತುಂಬಾ ಓಡಾಡ್ತಾ ಒಂದೊಂದೇ ಕೇಬಲ್ ಜೋಡಣೆ ಅಲ್ಲಾಡಿಸ್ತಾ ಹೋದ. ಒಂದು ಕಡೆ ಮುಟ್ಟಿದಾಗ ಕೂಗು ನಿಂತುಹೋಯ್ತು. ಸಿಕ್ತು!

ನೀವೂ ಇದನ್ನೇ ಮಾಡಬಹುದು, ಸ್ಟೀರಿಯೊ ಬೇಡ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಪಿಂಗ್ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ, ಒಂದೊಂದೇ ಮೆಟ್ಟಿಲು ಮುಂದೆ ಹೋಗಿ. ಮೊದಲು 127.0.0.1, ಅದು ನಿಮ್ಮದೇ ಯಂತ್ರ. ಆಮೇಲೆ ರೂಟರ್, ಎಷ್ಟೋ ಮನೆಗಳಲ್ಲಿ ಅದು 192.168.1.1. ಆಮೇಲೆ 8.8.8.8, ಅದು ಗೂಗಲ್ 2009ರ ಡಿಸೆಂಬರ್‌ನಲ್ಲಿ ಎಲ್ಲರಿಗೂ ತೆರೆದಿಟ್ಟ ಸರ್ವರ್. ಎಲ್ಲಿ ಉತ್ತರ ನಿಲ್ಲತ್ತೋ, ತೊಂದರೆ ಅದಕ್ಕೂ ಹಿಂದಿನ ಮೆಟ್ಟಿಲಿಗೂ ಮಧ್ಯೆ ಇದೆ. ಬಿಟ್ಟು ಬಿಟ್ಟು ಹೋಗೋ ಕೇಬಲ್ ಆದ್ರೆ ರೂಟರ್‌ಗೆ ನಿಲ್ಲದ ಪಿಂಗ್ ಹಾಕಿ, ಪ್ಲಗ್ ನಿಧಾನಕ್ಕೆ ಅಲ್ಲಾಡಿಸಿ.

ಮೂಸ್ 2000ದ ನವೆಂಬರ್‌ನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ್ರು. ಜೀವನದಲ್ಲಿ ತನಗೆ ಹೆಸರು ತರೋದು ಇದೇ ಅಂತ ಗೊತ್ತಿದ್ರೆ ಇನ್ನೊಂದೆರಡು ದಿನ ಜಾಸ್ತಿ ಕೂತು ಕೆಲಸ ಮಾಡ್ತಿದ್ದೆ ಅನ್ನೋ ಅರ್ಥದ ಮಾತು ಬರೆದು ಹೋಗಿದ್ದಾರೆ.

ಪಿಂಗ್ ಆಯ್ತು, ಇನ್ನು ಅಡ್ರೆಸ್. ಹಿಂದೆ ಪ್ರತಿ ಕಂಪ್ಯೂಟರ್‌ಗೂ ಐಪಿ ಅಡ್ರೆಸ್ಸನ್ನ ಕೈಯಾರೆ ಬರೀಬೇಕಿತ್ತು, ಇಬ್ಬರಿಗೆ ಒಂದೇ ನಂಬರ್ ಕೊಟ್ಟು ಜಗಳ ಆಗ್ತಿತ್ತು. 1993ರಲ್ಲಿ ಡಿಎಚ್‌ಸಿಪಿ ಅನ್ನೋ ನಿಯಮ ಬಂತು. ಕಂಪ್ಯೂಟರ್ ಆನ್ ಆದ ತಕ್ಷಣ ನನಗೊಂದು ನಂಬರ್ ಕೊಡಿ ಅಂತ ಕೂಗತ್ತೆ, ರೂಟರ್ ಕೊಡತ್ತೆ. ಯಾರೂ ಕೊಡದಿದ್ರೆ? ವಿಂಡೋಸ್ 98ರ ಕಾಲದಿಂದ ಕಂಪ್ಯೂಟರ್ ತಾನೇ ಒಂದು ನಂಬರ್ ಇಟ್ಕೊಳ್ಳತ್ತೆ, ಅದು ಯಾವಾಗಲೂ 169.254ರಿಂದ ಶುರುವಾಗತ್ತೆ. ಅನಾಥ ನಂಬರ್ ಅನ್ನಿ. ಅದನ್ನ ನೋಡಿದ್ರೆ ಅರ್ಥ ಇಷ್ಟೇ: ಕೂಗಿದೆ, ಯಾರೂ ಓಗೊಡಲಿಲ್ಲ.

ಈ ನಂಬರ್ ನನಗೆ ಒಂದು ರೂಟರ್‌ನ ದುಡ್ಡು ಉಳಿಸಿದೆ. ಹೋದ ಮಳೆಗಾಲದಲ್ಲಿ ನಮ್ಮ ಬಾಡಿಗೆ ಮನೆಯಲ್ಲಿ ಮೂರು ದಿನ ನೆಟ್ ಇಲ್ಲ. ಕೆಳಗಿನ ಮನೆ ಹುಡುಗಿಗೆ ಮರುದಿನ ಆನ್‌ಲೈನ್ ಪರೀಕ್ಷೆ. ಕಂಪನಿಯವರು ನಮ್ಮ ಕಡೆ ಎಲ್ಲಾ ಸರಿ ಇದೆ, ನಿಮ್ಮ ರೂಟರ್ ಹೋಗಿದೆ, ಹೊಸದು ತಗೊಳ್ಳಿ ಅಂದ್ರು. ಹೊರಗಿಂದ ಬರೋ ಕೇಬಲನ್ನ ರೂಟರ್‌ನಿಂದ ಕಿತ್ತು ನೇರವಾಗಿ ಕಂಪ್ಯೂಟರ್‌ಗೆ ಚುಚ್ಚಿದೆ. ದೀಪ ಬಂತು. ಅಡ್ರೆಸ್ ನೋಡಿದ್ರೆ 169.254. ಅಂದ್ರೆ ಟೆರೇಸ್ ಮೇಲಿನ ಡಬ್ಬದವರೆಗೆ ತಂತಿ ಸರಿ ಇದೆ, ಡಬ್ಬದಿಂದ ಆಚೆ ಯಾರೂ ಮಾತಾಡ್ತಿಲ್ಲ, ಮಧ್ಯೆ ನನ್ನ ರೂಟರ್ ಇಲ್ಲವೇ ಇಲ್ಲ. ಇಷ್ಟನ್ನ ಫೋನಲ್ಲಿ ಹೇಳಿದ ಮೇಲೆ ಒಬ್ಬರು ಬಂದ್ರು. ಪಕ್ಕದ ಕಟ್ಟಡದಿಂದ ನಮ್ಮ ಡಬ್ಬಕ್ಕೆ ಬರೋ ತಂತಿಯನ್ನ ಇಲಿ ಕಡಿದಿತ್ತು. ಸಂಜೆಯೊಳಗೆ ಸರಿಯಾಯ್ತು.

ಟೆರೇಸ್ ಅಂದಾಗ ಒಂದು ಮಾತು. ನಮ್ಮ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಗಲ್ಲಿಗಳಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ತೂಗಾಡೋ ತಂತಿಗಳಲ್ಲಿ ಇದೇ ತಾಮ್ರದ ಲ್ಯಾನ್ ಕೇಬಲ್ ಎಷ್ಟೋ ಇವೆ. ಕಟ್ಟಡದೊಳಗೆ ಇರಲಿ ಅಂತ ಮಾಡಿದ್ದನ್ನ ಬಿಸಿಲು ಮಳೆಗೆ ಒಡ್ಡಿದ್ದೀವಿ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನ ಸಂಜೆ, ಹತ್ತಿರ ಎಲ್ಲೋ ಸಿಡಿಲು ಹೊಡೆದ್ರೆ ಆ ಉದ್ದ ತಂತಿಯಲ್ಲಿ ಕರೆಂಟ್ ಹರಿದು ಲ್ಯಾನ್ ಪೋರ್ಟ್ ಸುಟ್ಟುಹೋಗಬಹುದು. ಕಂಪ್ಯೂಟರ್ ಚೆನ್ನಾಗೇ ಇರತ್ತೆ, ಆ ಒಂದು ತೂತು ಮಾತ್ರ ಸತ್ತಿರತ್ತೆ. ಗುಡುಗು ಶುರುವಾಗೋ ಸೂಚನೆ ಕಂಡಾಗಲೇ ಟಿವಿ ಪ್ಲಗ್ ತೆಗೆಯೋ ನಮ್ಮಮ್ಮನ ಅಭ್ಯಾಸ ಲ್ಯಾನ್ ಕೇಬಲ್‌ಗೂ ಒಳ್ಳೇದು. ಗಾಜಿನ ಫೈಬರ್ ಮನೆಯೊಳಗೇ ಬಂದಿದ್ರೆ ಆ ತಂತಿಯಿಂದ ಈ ಭಯ ಇಲ್ಲ.

ಕೊನೆಗೆ ಹೆಸರಿನ ತೊಂದರೆ. 8.8.8.8ಗೆ ಪಿಂಗ್ ಹೋಗತ್ತೆ, ಆದ್ರೆ ಒಂದು ವೆಬ್‌ಸೈಟೂ ತೆರೆಯಲ್ಲ. ಆಗ ತಂತಿ ಸರಿ ಇದೆ, ಹೆಸರನ್ನ ನಂಬರ್ ಮಾಡೋ ಡಿಎನ್‌ಎಸ್ ಕೆಟ್ಟಿದೆ. ಮೊದಲು ಇದೆಲ್ಲ ಒಂದೇ ಕಡತದಲ್ಲಿತ್ತು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೀನ್ಲರ್ ಅವರ ತಂಡ ಇಡೀ ನೆಟ್‌ವರ್ಕಿನ ಹೆಸರುಗಳ ಪಟ್ಟಿ ಇಟ್ಕೊಂಡಿತ್ತು, ಎಲ್ಲರೂ ಅದರ ನಕಲು ತಗೊಳ್ತಿದ್ರು. ಪಟ್ಟಿ ಬೆಳೆದು ಕೈಮೀರಿದಾಗ, ಅದೇ 1983ರಲ್ಲಿ, ಪಾಲ್ ಮೊಕಾಪೆಟ್ರಿಸ್ ಡಿಎನ್‌ಎಸ್ ರೂಪಿಸಿದ್ರು. ಆ ಹಳೇ ಪಟ್ಟಿಯ ಪಳೆಯುಳಿಕೆ ಹೋಸ್ಟ್ಸ್ ಅನ್ನೋ ಹೆಸರಲ್ಲಿ ನಿಮ್ಮ ಕಂಪ್ಯೂಟರ್‌ನಲ್ಲಿ ಈಗಲೂ ಇದೆ. ಈ ತೊಂದರೆ ದೊಡ್ಡವರನ್ನೂ ಬಿಡಲ್ಲ. 2021ರ ಅಕ್ಟೋಬರ್ 4ರ ರಾತ್ರಿ ಒಂಬತ್ತು ದಾಟಿದ ಮೇಲೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಸುಮಾರು ಆರು ತಾಸು ಮಾಯ ಆಗಿದ್ದು ನೆನಪಿದೆಯಾ? ಆ ಕಂಪನಿಯ ಒಳಜಾಲ ಕಡಿದುಹೋಗಿ, ಅದರ ಡಿಎನ್‌ಎಸ್ ಸರ್ವರ್‌ಗಳಿಗೆ ಹೋಗೋ ದಾರಿಯೇ ಇಂಟರ್ನೆಟ್‌ನಿಂದ ಅಳಿಸಿಹೋಗಿತ್ತು. ಅವತ್ತು ಮನೆ ರೂಟರ್ ಎಷ್ಟು ಸಲ ಆಫ್ ಆನ್ ಮಾಡಿದ್ರೂ ಪ್ರಯೋಜನ ಇರಲಿಲ್ಲ.

ಅಂಥ ದಿನಕ್ಕೆ ಇನ್ನೊಂದು ಉಪಕರಣ ಇದೆ, ಟ್ರೇಸ್‌ರೂಟ್. 1980ರ ದಶಕದ ಕೊನೆಯಲ್ಲಿ ವ್ಯಾನ್ ಜೇಕಬ್ಸನ್ ಬರೆದದ್ದು. ಪ್ರತಿ ಪ್ಯಾಕೆಟ್ ಮೇಲೂ ಒಂದು ಆಯುಸ್ಸಿನ ಅಂಕಿ ಇರತ್ತೆ, ಒಂದೊಂದು ರೂಟರ್ ದಾಟಿದಾಗಲೂ ಒಂದು ಕಮ್ಮಿ. ಸೊನ್ನೆಯಾದ ಜಾಗದ ರೂಟರ್, ನಿಮ್ಮ ಪ್ಯಾಕೆಟ್ ಇಲ್ಲಿ ಸತ್ತಿತು ಅಂತ ಕಾಗದ ಬರೀತದೆ. ಜೇಕಬ್ಸನ್ ಬೇಕಂತಲೇ ಆಯುಸ್ಸು 1, 2, 3 ಅಂತ ಕೊಟ್ಟು ಕಳಿಸಿದ್ರು, ದಾರಿಯ ಎಲ್ಲಾ ಊರುಗಳಿಂದ ಸಾವಿನ ಕಾಗದ ಬಂತು, ದಾರಿಯ ನಕ್ಷೆ ಸಿಕ್ತು. ವಿಂಡೋಸ್‌ನಲ್ಲಿ ಅದರ ಹೆಸರು ಟ್ರೇಸರ್ಟ್. ಮಧ್ಯೆ ಒಂದೆರಡು ಕಡೆ ಬರೀ ನಕ್ಷತ್ರ ಚಿಹ್ನೆ ಕಂಡ್ರೆ ಗಾಬರಿ ಬೇಡ, ಕೆಲವು ರೂಟರ್‌ಗಳು ಕಾಗದ ಬರೆಯಲ್ಲ. ಒಂದು ಜಾಗದಿಂದ ಆಚೆ ಕೊನೆಯವರೆಗೂ ಬರೀ ನಕ್ಷತ್ರಗಳೇ ಇದ್ದು, ಸೈಟೂ ತೆರೆಯದಿದ್ರೆ, ಆ ಪರದೆಯ ಫೋಟೊ ತೆಗೆದು ದೂರಿನ ಜೊತೆ ಕಳಿಸಿ. ಮೊದಲ ಸಾಲು ನಿಮ್ಮ ರೂಟರ್, ಅದು ಉತ್ತರ ಕೊಟ್ಟಿದ್ರೆ ಆ ಫೋಟೊ ನೋಡಿದವರು ಹೊಸ ರೂಟರ್ ತಗೊಳ್ಳಿ ಅನ್ನೋಕೆ ಸ್ವಲ್ಪ ಯೋಚಿಸ್ತಾರೆ.

ಮುಂದಿನ ಸಂಚಿಕೆಯಲ್ಲಿ ಸಮುದ್ರದ ತಳದಲ್ಲಿ ತುಂಡಾದ ಕೇಬಲನ್ನ ಹಡಗಿನವರು ಹೇಗೆ ಹುಡುಕಿ ಮೇಲೆತ್ತುತ್ತಾರೆ ಅಂತ ಮಾತಾಡೋಣ. ಅಲ್ಲೂ ಕೆಲಸಕ್ಕೆ ಬರೋದು ಅದೇ ಪ್ರತಿಧ್ವನಿ ಅಳೆಯೋ ಯಂತ್ರದ ದೊಡ್ಡಣ್ಣ. ಸಿಗೋಣ.